ಗರ್ಭಿಣಿಯ ನೋಂಪಿ: ಈ ಹಸಿವು ಯಾರದು?

ವ್ರತವೆಂದರೆ ಸಂಕಲ್ಪಪೂರ್ವಕವಾದ ತ್ಯಾಗ. ತ್ಯಜಿಸುವ ವಸ್ತು ತನ್ನದಾಗಿರಬೇಕೆಂಬುದು ಆ ಸಂಕಲ್ಪದೊಳಗೆ ಅಡಗಿರುವ ಮೊದಲ ನಿಬಂಧನೆ. ತನ್ನ ಊಟವನ್ನು ಬಿಟ್ಟವನು ಉಪವಾಸಿ. ಮತ್ತೊಬ್ಬನ ಊಟವನ್ನು ಬಿಡಿಸಿದವನನ್ನು ಯಾರೂ ಉಪವಾಸಿ ಎನ್ನುವುದಿಲ್ಲ. ಇಷ್ಟು ಸರಳವಾದ ಮಾತಿನಲ್ಲಿ ಸಂದೇಹಕ್ಕೆ ಎಡೆಯೆಲ್ಲಿದೆ ಎಂದು ಧರ್ಮಬಂಧುಗಳು ಕೇಳಬಹುದು. ಆದರೆ ಎರಡು ಜೀವಗಳು ಒಂದೇ ತುತ್ತಿನಿಂದ ಬದುಕುವ ಸ್ಥಿತಿಯೊಂದು ಸಂಸಾರದಲ್ಲಿದೆ. ಅಲ್ಲಿ ತನ್ನದು ಯಾವುದು, ಪರರದು ಯಾವುದು ಎಂದು ಗೆರೆ ಎಳೆಯುವುದು ಸುಲಭವಲ್ಲ. ಗರ್ಭವತಿಯಾದ ಶ್ರಾವಿಕೆಯ ಉಪವಾಸದ ಪ್ರಶ್ನೆ ಅಂಥದು.

ಕಳಸ ಸೀಮೆಯ ಒಂದು ಕಾಫಿ ತೋಟದ ಮನೆಯಲ್ಲಿ ಈ ಪ್ರಶ್ನೆ ಹುಟ್ಟಿದ್ದನ್ನು ಬಲ್ಲೆ. ಭಾದ್ರಪದ ಮಾಸ. ಹೊರಗೆ ಹಿಡಿದ ಮಳೆ ಬಿಟ್ಟಿರಲಿಲ್ಲ. ದಶಲಕ್ಷಣ ಪರ್ವ ನಡೆಯುತ್ತಿತ್ತು. ಚತುರ್ದಶಿಗೆ ಅನಂತನ ನೋಂಪಿ. ಆ ಮನೆಯ ಸೊಸೆ ಹದಿನಾಲ್ಕು ವರ್ಷಗಳ ಅನಂತ ನೋಂಪಿಯನ್ನು ತವರಿನಲ್ಲಿಯೇ ಹಿಡಿದಿದ್ದವಳು. ಅದು ಎಂಟನೆಯ ವರ್ಷ. ಒಂದು ವರ್ಷವೂ ಉಪವಾಸ ತಪ್ಪಿಸಿದವಳಲ್ಲ. ಈಗ ಅವಳಿಗೆ ನಾಲ್ಕನೆಯ ತಿಂಗಳು. ಮೊದಲ ಮೂರು ತಿಂಗಳು ಅನ್ನದ ವಾಸನೆಯನ್ನೂ ಸಹಿಸಲಾರದೆ ಹಾಸಿಗೆ ಹಿಡಿದಿದ್ದವಳು ಎರಡು ವಾರಗಳಿಂದ ಎದ್ದು ಓಡಾಡುತ್ತಿದ್ದಳು. ವಾಂತಿ ನಿಂತಿತ್ತು, ಮುಖದಲ್ಲಿ ಕಳೆ ಬಂದಿತ್ತು. “ಈಗ ನನಗೆ ಶಕ್ತಿ ಬಂದಿದೆ ಅತ್ತೆ, ಒಂದು ದಿನದ ಉಪವಾಸ ಏನೂ ಮಾಡುವುದಿಲ್ಲ” ಎಂದು ಅವಳು ಹಟ ಹಿಡಿದಳು. ಅತ್ತೆ ಬೇಡವೆಂದರು. ಬಸದಿಯಲ್ಲಿ ಸಿಕ್ಕಿದ ಹಿರಿಯ ಹೆಂಗಸೊಬ್ಬರು “ನಾವೆಲ್ಲ ಮಾಡಲಿಲ್ಲವೇ? ಹೆರಲಿಲ್ಲವೇ?” ಎಂದರು. ಮನೆಯ ಗಂಡಸರು ಇದು ಹೆಂಗಸರ ಮಾತೆಂದು ಸುಮ್ಮನಾದರು. ಆ ಸೊಸೆ ರಾತ್ರಿ ಅತ್ತೆಯನ್ನು ಕೇಳಿದಳಂತೆ: “ಮೊದಲೆಲ್ಲ ಹಸಿವನ್ನು ತಡೆದರೆ ಅದು ನನ್ನ ತಪಸ್ಸು ಎಂದು ತಿಳಿಯುತ್ತಿತ್ತು. ಈಗ ಹಸಿವಾದರೆ ಅದು ನನ್ನದೋ, ಒಳಗಿನ ಜೀವದ್ದೋ ತಿಳಿಯುವುದಿಲ್ಲ.”

ಈ ಮಾತಿಗೆ ಉತ್ತರ ಹುಡುಕುವ ಮೊದಲು, ನಾಲ್ಕನೆಯ ತಿಂಗಳಿನಲ್ಲಿ ದೇಹದೊಳಗೆ ನಡೆಯುವುದೇನೆಂಬುದನ್ನು ತಿಳಿಯಬೇಕು. ವಸ್ತುಸ್ಥಿತಿಯನ್ನು ಅರಿಯದೆ ಮಾಡಿದ ಧರ್ಮನಿರ್ಣಯ ಸಮ್ಯಕ್ ಜ್ಞಾನದ ಮೇಲೆ ನಿಂತದ್ದಾಗುವುದಿಲ್ಲ.

ವೈದ್ಯರು ಗರ್ಭಕಾಲವನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ ಮೂರು ಭಾಗ ಮಾಡುತ್ತಾರೆ. 13 ವಾರಗಳು ತುಂಬಿದ ಮೇಲೆ ಎರಡನೆಯ ಭಾಗ ಆರಂಭವಾಗುತ್ತದೆ. ಬಹುಪಾಲು ಸ್ತ್ರೀಯರಿಗೆ 12ರಿಂದ 16 ವಾರಗಳ ನಡುವೆ ಓಕರಿಕೆ ತಗ್ಗುತ್ತದೆ, ಹಸಿವು ಮರಳುತ್ತದೆ. ಗರ್ಭಕೋಶವು ಕೀಲುಗುಂಡಿಯ ಎಲುಬನ್ನು ದಾಟಿ ಮೇಲೇರುವುದರಿಂದ ಹೊಟ್ಟೆ ಸ್ವಲ್ಪ ಕಾಣಿಸತೊಡಗುತ್ತದೆ. ತೊಡೆಯ ಸಂದಿಯಲ್ಲಿ ಆಗಾಗ ಸೆಳೆತ ಬರಬಹುದು. ರಕ್ತದ ಒತ್ತಡ ಈ ಅವಧಿಯಲ್ಲಿ ಸಾಮಾನ್ಯವಾಗಿ ತುಸು ಇಳಿಯುತ್ತದೆ. ಆದ್ದರಿಂದ ಕುಳಿತವಳು ಥಟ್ಟನೆ ಎದ್ದರೆ ತಲೆ ಸುತ್ತುವುದುಂಟು. ಮೂಗು ಕಟ್ಟುವುದು, ವಸಡಿನಲ್ಲಿ ರಕ್ತ ಕಾಣಿಸುವುದು, ಮಲಬದ್ಧತೆ, ಮುಖದಲ್ಲಿ ಕಪ್ಪು ಛಾಯೆ, ಇವೆಲ್ಲ ಈ ಕಾಲದ ಸಾಮಾನ್ಯ ಲಕ್ಷಣಗಳು. ಆದರೆ ರಕ್ತಸ್ರಾವ, ತೀವ್ರವಾದ ಹೊಟ್ಟೆನೋವು, ಜ್ವರ, ನೀರು ಹೋಗುವುದು, ಇವು ಕಂಡರೆ ಕಾಯಬಾರದು. ಭದ್ರೆ ಉಕ್ಕಿ ಹೆಬ್ಬಾಳೆಯ ಸೇತುವೆ ಮುಳುಗಿ ದಾರಿ ಕಟ್ಟಿದ ದಿನಗಳನ್ನು ಕಂಡ ನಾವು, ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗುವ ಮಾತನ್ನು ಮುಂಚಿತವಾಗಿಯೇ ಯೋಚಿಸಿಡಬೇಕು.

ಇನ್ನು ಒಳಗಿನ ಜೀವದ ಸ್ಥಿತಿ. 14 ವಾರಗಳ ಹೊತ್ತಿಗೆ ಶಿಶುವಿನ ಉದ್ದ ನೆತ್ತಿಯಿಂದ ಪೃಷ್ಠದವರೆಗೆ ಸುಮಾರು 8ರಿಂದ 9 ಸೆಂಟಿಮೀಟರ್. ತೂಕ 40-50 ಗ್ರಾಂ. 28 ವಾರಗಳ ಹೊತ್ತಿಗೆ ಅದು ಸುಮಾರು ಒಂದು ಕಿಲೋಗ್ರಾಂ ಆಗಿರುತ್ತದೆ. ಮೂರು ತಿಂಗಳುಗಳಲ್ಲಿ ಇಪ್ಪತ್ತು ಪಾಲಿಗೂ ಮೀರಿದ ಬೆಳವಣಿಗೆ! ಅಂಗಾಂಗಗಳ ರಚನೆಯ ಮುಖ್ಯ ಭಾಗ ಮುಗಿದು, ಎಲುಬು ಗಟ್ಟಿಯಾಗುವ, ಮಾಂಸ ತುಂಬುವ ಕಾಲ ಇದು. ತಾಯಿಗೆ ಅದರ ಚಲನೆ ಇನ್ನೂ ತಿಳಿದಿರುವುದಿಲ್ಲ. ಚೊಚ್ಚಲು ಬಸುರಿಗೆ ಸಾಧಾರಣವಾಗಿ 18ರಿಂದ 20 ವಾರಗಳಲ್ಲಿ, ಮುಂದಿನ ಬಸುರುಗಳಲ್ಲಿ ಇನ್ನೂ ಸ್ವಲ್ಪ ಮೊದಲು ಮಗು ಮಿಸುಕಿದ್ದು ಗೊತ್ತಾಗುತ್ತದೆ. ಹೀಗಾಗಿ ನಾಲ್ಕನೆಯ ತಿಂಗಳು ವಿಚಿತ್ರವಾದ ಕಾಲ. ಸಂಕಟ ಹೋಗಿರುತ್ತದೆ, ಮಗುವಿನ ಗುರುತು ಬಂದಿರುವುದಿಲ್ಲ. ತಾನೊಬ್ಬಳೇ ಇದ್ದೇನೆ, ಮೊದಲಿನಂತೆಯೇ ಇದ್ದೇನೆ ಎಂದು ತಾಯಿಗೆ ತೋರುವುದು ಈ ನಡುವಿನ ವಾರಗಳಲ್ಲಿಯೇ. ಆ ಸೊಸೆ ‘ಶಕ್ತಿ ಬಂದಿದೆ’ ಎಂದದ್ದು ಸುಳ್ಳಲ್ಲ. ಆದರೆ ಬಂದ ಶಕ್ತಿ ಯಾವುದರ ಸಲುವಾಗಿ ಬಂದಿದೆಯೆಂಬುದನ್ನು ಅವಳು ಯೋಚಿಸಿರಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ಗರ್ಭಿಣಿಯ ದೇಹವು ಹಸಿವನ್ನು ಬೇರೆಯವರ ದೇಹದಂತೆ ತಾಳುವುದಿಲ್ಲ. ರಾತ್ರಿಯ ನಿರಾಹಾರ ಬೆಳಗಿನ ಹೊತ್ತು ಮೀರಿ ಮುಂದುವರಿದರೆ ಅವಳ ರಕ್ತದಲ್ಲಿ ಸಕ್ಕರೆಯ ಅಂಶ ಬೇಗ ಇಳಿದು, ದೇಹವು ಕೊಬ್ಬನ್ನು ಕರಗಿಸತೊಡಗುತ್ತದೆ. ಸಾಮಾನ್ಯ ಸ್ತ್ರೀಗೆ ಎರಡು-ಮೂರು ದಿನಗಳ ಉಪವಾಸದಲ್ಲಿ ಆಗುವ ಬದಲಾವಣೆ ಗರ್ಭಿಣಿಗೆ ಬಹು ಬೇಗ ಆಗುತ್ತದೆ. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಮ್ಮ ಮನೆಗಳಲ್ಲಿ ಪ್ರತಿರಾತ್ರಿಯೂ ಹನ್ನೆರಡು-ಹದಿಮೂರು ಗಂಟೆಗಳ ನಿರಾಹಾರ ಸಹಜವಾಗಿಯೇ ನಡೆಯುತ್ತದೆ. ಅದರ ಮೇಲೆ ಮತ್ತೊಂದು ಹಗಲು, ಮತ್ತೊಂದು ರಾತ್ರಿ ಸೇರಿದರೆ ಅದು ‘ಒಂದು ದಿನದ ಉಪವಾಸ’ ಮಾತ್ರ ಆಗಿ ಉಳಿಯುವುದಿಲ್ಲ. ಹಾಗೆಂದು ಒಂದು ಉಪವಾಸದಿಂದ ಅನಾಹುತವೇ ಆಗುತ್ತದೆಂದು ಹೆದರಿಸುವುದು ಸತ್ಯವಲ್ಲ. ಅನೇಕರಿಗೆ ಏನೂ ಆಗುವುದಿಲ್ಲ. ಆದ್ದರಿಂದಲೇ ಇದನ್ನು ಭಯದಿಂದಲ್ಲ, ಧರ್ಮದಿಂದ ನಿರ್ಣಯಿಸಬೇಕಾಗಿದೆ.

ಆಗಮವು ಈ ವಿಷಯದಲ್ಲಿ ಮೌನವಾಗಿದೆಯೇ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವು ಜನ್ಮವನ್ನು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಮೂರಾಗಿ ವಿಂಗಡಿಸುತ್ತದೆ. ಗರ್ಭಜರಲ್ಲಿ ಜರಾಯುಜರೆಂಬ ವರ್ಗಕ್ಕೆ ಮನುಷ್ಯರು ಸೇರುತ್ತಾರೆ. ಜರಾಯುವೆಂದರೆ ಮಗುವನ್ನು ಸುತ್ತಿರುವ ಪೊರೆ. ಜೀವವು ಹೊಸ ಭವಕ್ಕೆ ಬಂದೊಡನೆ ಪಡೆಯತೊಡಗುವ ಆರು ಪರ್ಯಾಪ್ತಿಗಳಲ್ಲಿ ಮೊದಲನೆಯದು ಆಹಾರ ಪರ್ಯಾಪ್ತಿ. ಶರೀರ, ಇಂದ್ರಿಯ, ಶ್ವಾಸೋಚ್ಛ್ವಾಸ, ಭಾಷೆ, ಮನಸ್ಸು, ಇವೆಲ್ಲ ಅನಂತರ. ಗರ್ಭಸ್ಥವಾದದ್ದು ತಾಯಿಯ ದೇಹದ ಒಂದು ಅವಯವವಲ್ಲ. ತನ್ನ ಆಯುಷ್ಯವನ್ನೂ ತನ್ನ ಕರ್ಮವನ್ನೂ ಹೊತ್ತು ಬಂದ ಬೇರೊಂದು ಜೀವ. ಆ ಜೀವಕ್ಕೆ ಆಹಾರ ಬರುವ ದಾರಿ ಮಾತ್ರ ತಾಯಿಯ ದೇಹದ ಮೂಲಕ.

ಇದನ್ನು ಒಪ್ಪಿದ ಮೇಲೆ ಅದೇ ಗ್ರಂಥದ ಏಳನೆಯ ಅಧ್ಯಾಯವನ್ನು ತೆರೆಯೋಣ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ, ವಧ, ಛೇದಗಳ ಜೊತೆಗೆ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ ಎಂಬ ಎರಡನ್ನು ಹೇಳಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಆಹಾರವನ್ನು ತಡೆಯುವುದು ಅತಿಚಾರಗಳ ಸಾಲಿನಲ್ಲಿಯೇ ಇದೆ. ಕೊಟ್ಟಿಗೆಯ ಹಸುವಿಗೆ ಹೊತ್ತಿಗೆ ಸರಿಯಾಗಿ ಹುಲ್ಲು-ನೀರು ಕೊಡದಿರುವುದು ಶ್ರಾವಕನಿಗೆ ದೋಷವೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಕಟ್ಟಿಹಾಕಿದ ಹಸು ತಾನಾಗಿ ಮೇಯಲಾರದು; ಆದ್ದರಿಂದ ಕಟ್ಟಿದವನ ಹೊಣೆ ಹೆಚ್ಚು. ಗರ್ಭಸ್ಥ ಶಿಶು ಅದಕ್ಕಿಂತ ಎಷ್ಟು ಮಡಿ ಪರಾಧೀನ! ಅದು ಕೂಗಿ ಕೇಳಲಾರದು, ಬೇರೊಂದು ಮನೆಗೆ ಹೋಗಲಾರದು.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದು. ಅತಿಚಾರವೆಂಬುದು ಕ್ರೋಧ-ಲೋಭಗಳಿಂದ ಪರರ ಅನ್ನ ತಡೆದವನಿಗೆ ಸಂಬಂಧಿಸಿದ್ದು; ವ್ರತವತಿಯಾದ ತಾಯಿಯ ಭಾವವಾದರೋ ಶುದ್ಧವಾದದ್ದು; ಭಾವವೇ ಪ್ರಧಾನವಾಗಿರುವ ನಮ್ಮ ಧರ್ಮದಲ್ಲಿ ಅವಳಿಗೆ ದೋಷವೆಂತು? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ತಿಳಿಯದೆ ಉಪವಾಸ ಮಾಡಿದ ನಮ್ಮ ಅಜ್ಜಿಯರನ್ನು ಹಿಂಸಕರೆಂದು ಕರೆಯುವ ಧಾರ್ಷ್ಟ್ಯ ಯಾರಿಗೂ ಬೇಡ. ಆದರೆ ಸೂತ್ರಕಾರರು ಹಿಂಸೆಯ ಲಕ್ಷಣವನ್ನು ಹೇಳುವಾಗ ಕ್ರೋಧವನ್ನಲ್ಲ, ಪ್ರಮಾದವನ್ನು ಮೂಲವಾಗಿ ಹಿಡಿದರು. ಪ್ರಮಾದವೆಂದರೆ ಎಚ್ಚರವಿಲ್ಲದಿರುವುದು. ಈರ್ಯಾಸಮಿತಿಯಲ್ಲಿ ನಡೆಯುವ ಮುನಿ ಇರುವೆಯ ಮೇಲೆ ಕೋಪಗೊಂಡಿರುವುದಿಲ್ಲ; ಆದರೂ ನೆಲ ನೋಡಿ ಹೆಜ್ಜೆಯಿಡುತ್ತಾನೆ. ತಿಳಿಯದಿದ್ದಾಗ ಅಜ್ಞಾನವಾಗಿದ್ದುದು ತಿಳಿದ ಮೇಲೂ ಮುಂದುವರಿದರೆ ಪ್ರಮಾದವಾಗುತ್ತದೆ. ‘ನನ್ನ ನೋಂಪಿಯ ಸರಪಳಿ ಮುರಿಯಬಾರದು’ ಎಂಬ ಹಟದಲ್ಲಿ ಧರ್ಮಶ್ರದ್ಧೆ ಎಷ್ಟಿದೆ, ‘ನಾನು’ ಎಂಬುದು ಎಷ್ಟಿದೆ ಎಂದು ವ್ರತಿಯೇ ತನ್ನೊಳಗೆ ನೋಡಿಕೊಳ್ಳಬೇಕು.

ಎರಡನೆಯ ಆಕ್ಷೇಪ ಆ ಹಿರಿಯ ಹೆಂಗಸಿನದು: ನಾವೆಲ್ಲ ಮಾಡಲಿಲ್ಲವೇ? ಇದಕ್ಕೆ ಉತ್ತರ ಕೊಟ್ಟವರು ಆ ಅತ್ತೆಯೇ. ತಮ್ಮ ಎರಡನೆಯ ಬಸುರಿನಲ್ಲಿ ಇಂಥದೇ ಚತುರ್ದಶಿಯಂದು ಉಪವಾಸವಿದ್ದು ನೀರಿಗೆ ಹೋದಾಗ ಬಾವಿಯ ಮೆಟ್ಟಿಲಲ್ಲಿ ಕಣ್ಣು ಕತ್ತಲಿಟ್ಟು ಬಿದ್ದಿದ್ದರು. ತೋಟದ ಆಳುಗಳು ಎತ್ತಿ ತಂದು ಮಲಗಿಸಿದರು. ಮಗು ಉಳಿಯಿತು, ಅದು ಈ ಸೊಸೆಯ ಗಂಡನೇ. “ಆವತ್ತು ಎಲ್ಲರೂ ವ್ರತದ ಪುಣ್ಯದಿಂದ ಉಳಿದೆ ಎಂದರು ಮಗಾ. ನಾನೂ ಹೌದೆಂದೆ. ಆದರೆ ವ್ರತವಿಲ್ಲದಿದ್ದರೆ ಬೀಳುತ್ತಲೇ ಇರಲಿಲ್ಲವಲ್ಲ ಎಂದು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ” ಎಂದರು ಅವರು. ಉಳಿದವರ ಕಥೆಯನ್ನು ಉಳಿದವರು ಹೇಳುತ್ತಾರೆ. ಉಳಿಯದ ಬಸುರಿಯರ, ಉಳಿಯದ ಕೂಸುಗಳ ಕಥೆ ಹೇಳುವವರಿಲ್ಲ.

ನಮ್ಮ ಪರಂಪರೆಯೇ ಗರ್ಭಿಣಿಯನ್ನು ಹೇಗೆ ಕಂಡಿದೆಯೆಂಬುದನ್ನು ಗಮನಿಸಬೇಕು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳನ್ನು ವಿವರಿಸಿದ್ದಾರೆ. ಆಧಾನದ ಅನಂತರ ಮೂರನೆಯ ತಿಂಗಳಿನಲ್ಲಿ ಪ್ರೀತಿ, ಐದನೆಯದರಲ್ಲಿ ಸುಪ್ರೀತಿ, ಏಳನೆಯದರಲ್ಲಿ ಧೃತಿ, ಒಂಬತ್ತನೆಯದರಲ್ಲಿ ಮೋದ. ನಾಲ್ಕನೆಯ ತಿಂಗಳು ಪ್ರೀತಿಗೂ ಸುಪ್ರೀತಿಗೂ ನಡುವೆ ಬರುತ್ತದೆ. ಈ ಹೆಸರುಗಳಲ್ಲಿ ಕಾಯಕ್ಲೇಶದ ಸುಳಿವೂ ಇಲ್ಲ. ತೀರ್ಥಂಕರರ ಗರ್ಭಕಲ್ಯಾಣದಲ್ಲಿ ದಿಕ್ಕುಮಾರಿಯರು ಬಂದು ಜಿನಮಾತೆಯನ್ನು ಸೇವಿಸುತ್ತಾರೆ, ಒಗಟು-ಗೋಷ್ಠಿಗಳಿಂದ ಅವಳ ಮನಸ್ಸನ್ನು ಅರಳಿಸುತ್ತಾರೆ. ಮುನಿಗಳ ಆಚಾರವನ್ನು ಹೇಳುವ ಮೂಲಾಚಾರದಲ್ಲಿ ಯಾರಿಂದ ಆಹಾರ ಸ್ವೀಕರಿಸಬಾರದೆಂಬ ದಾಯಕದೋಷದ ಪಟ್ಟಿಯಲ್ಲಿ ಗರ್ಭಿಣಿಯೂ ಇದ್ದಾಳೆ. ಕೆಲವರು ಇದನ್ನು ಅಶುಚಿಯೆಂದು ಅರ್ಥ ಮಾಡುತ್ತಾರೆ. ಅದು ಸರಿಯೆಂದು ನನಗೆ ತೋರುವುದಿಲ್ಲ. ಅದೇ ಪಟ್ಟಿಯಲ್ಲಿ ಎಳೆಯ ಮಕ್ಕಳೂ ತೀರ ಮುದುಕರೂ ಕುರುಡರೂ ಇದ್ದಾರೆ. ಇವರಿಗೆ ಶ್ರಮವಾಗಬಾರದೆಂಬ ಕರುಣೆಯೇ ಅಲ್ಲಿ ಕಾಣುತ್ತದೆ. ಹಸಿದ ಮುನಿಯೇ ಗರ್ಭಿಣಿಗೆ ಆಯಾಸವಾಗಬಾರದೆಂದು ತನ್ನ ಆಹಾರವನ್ನು ಬಿಟ್ಟು ಹೋಗುವಾಗ, ಆಕೆ ತನ್ನ ಆಹಾರವನ್ನು ಬಿಡಬೇಕೆಂದು ನಾವು ಹೇಳುವುದು ಹೇಗೆ?

ಹಾಗಾದರೆ ಗರ್ಭಿಣಿಗೆ ತಪಸ್ಸೇ ಇಲ್ಲವೇ? ಇದೆ. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ, ತಪಸ್ಸು ಎರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣ ಸೇರಿದೆ. ಶಕ್ತಿಯನ್ನು ಅಡಗಿಸಲೂ ಬಾರದು, ಮೀರಲೂ ಬಾರದು. ರತ್ನಕರಂಡಕವು ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಯಾವಜ್ಜೀವದ್ದನ್ನು ಯಮವೆಂದೂ ಬೇರ್ಪಡಿಸಿದೆ. ಆದ್ದರಿಂದ ಇಂತಿಷ್ಟು ತಿಂಗಳಿಗೆಂದು ನಿಯಮವನ್ನು ಬದಲಿಸಿಕೊಳ್ಳುವುದು ಧರ್ಮಕ್ಕೆ ಹೊರತಾದದ್ದಲ್ಲ. ಗುರುಗಳ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಂಡು ಅನಶನವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡರೆ ನೋಂಪಿಯ ಉದ್ಯಾಪನೆ ಒಂದು ವರ್ಷ ತಡವಾದೀತು, ಅಷ್ಟೆ. ಬಾಹ್ಯ ತಪಸ್ಸಿನಲ್ಲಿ ಅನಶನವೊಂದೇ ಇರುವುದಲ್ಲ. ಇಂದು ಇಂತಿಷ್ಟೇ ಪದಾರ್ಥ ಎಂಬ ಎಣಿಕೆ, ನಾಲಗೆಯ ರುಚಿಗಾಗಿ ತಿನ್ನುವ ತಿಂಡಿಯ ತ್ಯಾಗ, ಮಾತಿನ ಮಿತಿ, ಇವು ಮಗುವಿನ ಪಾಲನ್ನು ಕಸಿಯುವುದಿಲ್ಲ. ಅಂತರಂಗ ತಪಸ್ಸುಗಳಾದ ಸ್ವಾಧ್ಯಾಯಕ್ಕೂ ಧ್ಯಾನಕ್ಕೂ ಹೊಟ್ಟೆ ಹಸಿದಿರಬೇಕಾಗಿಲ್ಲ.

ನಮ್ಮ ಆಚಾರದ ಚೌಕಟ್ಟಿನೊಳಗೆ ಈ ತಿಂಗಳುಗಳ ಪೋಷಣೆ ಸಾಧ್ಯವಾದದ್ದೇ. ಈ ಕಾಲದಲ್ಲಿ ದಿನಕ್ಕೆ ಸುಮಾರು 350 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂಬುದು ನಮ್ಮ ದೇಶದ ಆಹಾರತಜ್ಞರ ಲೆಕ್ಕ. ಅಂದರೆ ಎರಡಾಳಿನ ಊಟವಲ್ಲ. ಒಂದು ಲೋಟ ಹಾಲು, ಒಂದು ರಾಗಿ ರೊಟ್ಟಿ, ಒಂದು ಬಾಳೆಹಣ್ಣು ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಸೂರ್ಯೋದಯವಾದ ಸ್ವಲ್ಪ ಹೊತ್ತಿಗೆ ಮೊದಲ ಆಹಾರ, ಸೂರ್ಯಾಸ್ತಕ್ಕೆ ತುಸು ಮುಂಚೆ ಕೊನೆಯದು, ನಡುವೆ ಮೂರು ಬಾರಿ ಸ್ವಲ್ಪಸ್ವಲ್ಪವೆಂದು ಹಂಚಿಕೊಂಡರೆ ರಾತ್ರಿಯ ಅಂತರ ಕಿರಿದಾಗುತ್ತದೆ. ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಡುವ ಮನೆಗಳಲ್ಲಿ ರಾಗಿ, ಹೆಸರುಬೇಳೆ, ತೊಗರಿ, ಎಳ್ಳುಗಳನ್ನು ಹೆಚ್ಚಿಸಬೇಕು. ದ್ವಿದಳದೋಷ ಬಾರದಂತೆ ಬೇಳೆಯನ್ನೂ ಮೊಸರನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಬಹುದು. ಸೋಸಿ ಕಾಯಿಸಿದ ನೀರನ್ನು ಧಾರಾಳವಾಗಿ ಕುಡಿಯಬೇಕು. ಇಷ್ಟಾದರೂ ರಾತ್ರಿ ತಡೆಯಲಾರದ ನಿತ್ರಾಣವಾದರೆ, ಸಕ್ಕರೆ ಕಾಯಿಲೆಯಿದ್ದರೆ, ವೈದ್ಯರ ಮಾತನ್ನು ಕೇಳಿ ಗುರುಗಳಲ್ಲಿ ನಿವೇದಿಸಿಕೊಳ್ಳುವುದೇ ದಾರಿ; ಮುಚ್ಚಿಟ್ಟು ನರಳುವುದು ದಾರಿಯಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52.2 ಮಂದಿಗೆ ರಕ್ತಹೀನತೆಯಿತ್ತು. ಸರ್ಕಾರದ ಕ್ರಮದಂತೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. 14 ವಾರಗಳಿಂದ ಸುಣ್ಣದಂಶದ ಮಾತ್ರೆ ದಿನಕ್ಕೆರಡು. ಎರಡು ಬಗೆಯ ಮಾತ್ರೆಗಳನ್ನು ಒಟ್ಟಿಗೆ ನುಂಗಬಾರದು. ಕಾಫಿಯ ಸೀಮೆಯವರಾದ ನಾವು ನೆನಪಿಡಬೇಕಾದ ಮಾತೊಂದಿದೆ: ಕಾಫಿ-ಚಹಾ ಕುಡಿದ ಹೊತ್ತಿಗೇ ಕಬ್ಬಿಣದ ಮಾತ್ರೆ ನುಂಗಿದರೆ ದೇಹಕ್ಕೆ ಅದು ಸರಿಯಾಗಿ ಹತ್ತುವುದಿಲ್ಲ. ಒಂದೆರಡು ಗಂಟೆಗಳ ಅಂತರವಿರಲಿ. ನಿಂಬೆಯ ಪಾನಕದೊಂದಿಗೆ ತೆಗೆದುಕೊಂಡರೆ ಒಳ್ಳೆಯದು. ಕಾಫಿಯೂ ದಿನಕ್ಕೆ ಒಂದೆರಡು ಸಣ್ಣ ಲೋಟಗಳಿಗೆ ಮಿತವಾಗಲಿ. ಗರ್ಭಿಣಿಗೆ ವಿಹಿತವಾದ ರಸಪರಿತ್ಯಾಗ ಬೇಕೆಂದರೆ ಇದಕ್ಕಿಂತ ಒಳ್ಳೆಯದು ಮಲೆನಾಡಿನಲ್ಲಿ ಸಿಗಲಾರದು. ಪ್ರತಿ ತಿಂಗಳ 9ನೆಯ ತಾರೀಕಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೆಯ ತಿಂಗಳಿನಿಂದಾಚೆಯ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಯೋಜನೆ 2016ರಲ್ಲಿ ಆರಂಭವಾಯಿತು. ಅಷ್ಟಮಿ-ಚತುರ್ದಶಿಗಳಂತೆ ಆ ದಿನವನ್ನೂ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಬೇಕು. 18ರಿಂದ 20 ವಾರಗಳ ನಡುವೆ ಶಿಶುವಿನ ಅಂಗಾಂಗಗಳನ್ನು ನೋಡುವ ಸ್ಕ್ಯಾನಿಂಗ್ ಅನ್ನೂ ಮರೆಯಬಾರದು.

ಕೊನೆಯದಾಗಿ ಗೃಹಸ್ಥರಿಗೆ ಒಂದು ಮಾತು. ಅನ್ನಪಾನನಿರೋಧದ ಪಕ್ಕದಲ್ಲಿಯೇ ಅತಿಭಾರಾರೋಪಣವಿದೆಯೆಂದು ಆಗಲೇ ನೋಡಿದೆವು. ಬಸುರಿ ಸೊಸೆಗೆ ಉಪವಾಸ ಬೇಡವೆಂದು ಹೇಳಿ, ಹಬ್ಬದ ದಿನ ನಲವತ್ತು ಎಲೆಗಳ ಅಡುಗೆಯನ್ನು ಅವಳ ಮೇಲೆಯೇ ಹೊರಿಸಿದರೆ ಒಂದು ದೋಷವನ್ನು ಬಿಟ್ಟು ಇನ್ನೊಂದನ್ನು ಹಿಡಿದಂತಾಯಿತು. ಈ ಮಾತು ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುವುದೂ ಇಲ್ಲ. ನಮ್ಮ ತೋಟಗಳಲ್ಲಿ ಮಳೆಯಲ್ಲಿ ನೆನೆದು ಕಳೆ ತೆಗೆಯುವ, ಕೊಯ್ಲಿನಲ್ಲಿ ಮೂಟೆ ಹೊರುವ ಹೆಣ್ಣಾಳುಗಳಲ್ಲಿಯೂ ಬಸುರಿಯರಿರುತ್ತಾರೆ. ಅವರು ವ್ರತಕ್ಕಾಗಿ ಉಪವಾಸವಿರುವುದಿಲ್ಲ. ಮಧ್ಯಾಹ್ನದ ಬುತ್ತಿ ತಣ್ಣಗಾಗಿ, ಸಂಜೆಯ ಕೂಲಿಯ ಲೆಕ್ಕ ಮುಗಿಯುವವರೆಗೆ ಹಸಿದಿರುತ್ತಾರೆ. 1961ರ ಹೆರಿಗೆ ಸೌಲಭ್ಯ ಕಾಯಿದೆಯನ್ನು 2017ರಲ್ಲಿ ತಿದ್ದಿ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಲಾಯಿತು. ಕಾಯಿದೆ ಏನು ಹೇಳುತ್ತದೆಯೆಂದು ಕೇಳುವುದಕ್ಕೆ ಮೊದಲು ಅಣುವ್ರತವನ್ನು ಹಿಡಿದವನು ತನ್ನ ಆಳಿನ ಹೊಟ್ಟೆಯೊಳಗಿನ ಪಂಚೇಂದ್ರಿಯ ಜೀವಕ್ಕೆ ಬಿಸಿ ಊಟವೂ ಹಗುರವಾದ ಕೆಲಸವೂ ಸಿಕ್ಕಿದೆಯೇ ಎಂದು ಕೇಳಬೇಕು. ಬಸದಿಯಲ್ಲಿ ಜೀವದಯೆಯ ಕಥೆಯನ್ನು ಓದಿಸಿ ತೋಟದಲ್ಲಿ ಅದನ್ನು ಮರೆತರೆ ನಮ್ಮ ಉಪವಾಸಗಳು ಹೊಟ್ಟೆಯ ಉಪವಾಸಗಳಾಗಿ ಉಳಿಯುತ್ತವೆ.

ಆ ಚತುರ್ದಶಿಯಂದು ಕಳಸದ ಆ ಮನೆಯಲ್ಲಿ ಸೊಸೆ ಉಪವಾಸ ಮಾಡಲಿಲ್ಲ. ಸ್ನಾನ ಮಾಡಿ ಮಡಿಯುಟ್ಟು ಜಿನಾಭಿಷೇಕವನ್ನು ನೋಡಿದಳು, ಪೂಜೆಯಲ್ಲಿ ಅರ್ಘ್ಯವೆತ್ತಿದಳು, ಕುಳಿತು ನೋಂಪಿಯ ಕಥೆ ಕೇಳಿದಳು. ಐದೇ ಪದಾರ್ಥಗಳೆಂದು ನಿಯಮ ಹಿಡಿದು ಹಗಲಿನಲ್ಲಿ ಹೊತ್ತುಹೊತ್ತಿಗೆ ಉಂಡಳು. ಅತ್ತೆ ಅಂದು ಉಪವಾಸವಿದ್ದರು. ಮಳೆಗಾಲದ ಮಬ್ಬಿನಲ್ಲಿ ಸಂಜೆ ಬೇಗ ಕವಿಯುತ್ತದೆಂದು ಐದು ಗಂಟೆಗೇ ಒಲೆ ಹಚ್ಚಿ ಅಕ್ಕಿ ರೊಟ್ಟಿ ತಟ್ಟಿ, ತುಪ್ಪ ಸವರಿ, ಸೊಸೆಯ ತಟ್ಟೆಗೆ ತಾವೇ ಬಡಿಸಿದರು. ಉಣ್ಣುವವಳಿಗೆ ಕಣ್ಣು ತುಂಬಿತು. “ನೀವು ಹಸಿದಿದ್ದೀರಿ, ನಾನು ಉಣ್ಣುತ್ತಿದ್ದೇನೆ ಅತ್ತೆ” ಎಂದಳು.

“ನನ್ನ ಹಸಿವು ನನ್ನದು ಮಗಾ, ಅದನ್ನು ನಾನು ಬಿಡಬಲ್ಲೆ” ಎಂದು ಅವರು ಇನ್ನೊಂದು ರೊಟ್ಟಿ ಹಾಕಿದರು.